ಅರ್ಧ ಬಂದರೂ ಅರ್ಥವಾಗುವ ಧ್ವನಿ

ನಮ್ಮ ಚಿಕ್ಕಮ್ಮನ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದೆ. ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ತಲೆಯ ಮೇಲೆ. ಮೊಬೈಲ್ ಸಿಗ್ನಲ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿನ ಕಂಬಕ್ಕೆ ಮೊಳೆ ಹೊಡೆದು ಬಟ್ಟೆಯ ಚೀಲವೊಂದನ್ನು ನೇತುಹಾಕಿದ್ದಾರೆ. ಫೋನು ಇರುವುದು ಅದರೊಳಗೇ. ಕಳೆದ ಮಳೆಗಾಲದ ಒಂದು ರಾತ್ರಿ ಆ ಚೀಲದ ಕೆಳಗೆ ಕುಳಿತು ತಾಳಮದ್ದಳೆಯ ನೇರಪ್ರಸಾರ ಕೇಳುತ್ತಿದ್ದೆವು. ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟನ್ನು ಹೇಳಿ ಮುಗಿಸಿದ್ದ. ಕರ್ಣನ ಅರ್ಥಧಾರಿ ಒಂದು ಗಳಿಗೆ ಸುಮ್ಮನಿದ್ದು, "ಹಾಗಾದರೆ ಇಷ್ಟು ದಿನ ನಾನು..." ಎಂದರು. ಅಷ್ಟೇ. ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಅದು ನಿಲ್ಲುವ ಹೊತ್ತಿಗೆ ಭಾಗವತರು ಮುಂದಿನ ಪದ್ಯ ಎತ್ತಿಕೊಂಡಾಗಿತ್ತು.

"ರೇಡಿಯೋ ಆಗಿದ್ದರೆ ಗೊರಗೊರ ಎನ್ನುತ್ತಲಾದರೂ ಹೇಳಿ ಮುಗಿಸುತ್ತಿತ್ತು" ಎಂದರು ಚಿಕ್ಕಮ್ಮ.

ಈ ಲೇಖನದ ವಿಷಯವೆಲ್ಲ ಆ ಒಂದು ಮಾತಿನಲ್ಲಿದೆ. ಮೀಡಿಯಂ ವೇವ್ ರೇಡಿಯೋದಲ್ಲಿ ಭದ್ರಾವತಿ ಆಕಾಶವಾಣಿಯನ್ನು ಕೇಳಿದವರಿಗೆ ಗೊತ್ತು: ಸಿಗ್ನಲ್ ಸೊರಗಿದಷ್ಟೂ ಗೊರಗೊರ ಹೆಚ್ಚುತ್ತದೆ, ಹಾಡಿನ ಸೊಗಸು ಕಡಿಮೆಯಾಗುತ್ತದೆ, ಆದರೂ ವಾರ್ತೆ ಓದುವವರ ಮಾತು ಬಹಳ ಹೊತ್ತಿನವರೆಗೆ ಕಿವಿಗೆ ದಕ್ಕುತ್ತದೆ. ಕೆಡುವುದು ನಿಧಾನವಾಗಿ, ಮೆಟ್ಟಿಲಿಳಿದಂತೆ. ಡಿಜಿಟಲ್ ಧ್ವನಿ ಹಾಗಲ್ಲ. ಬರುವವರೆಗೆ ಗಾಜಿನಷ್ಟು ಸ್ಪಷ್ಟ. ಅದರಾಚೆ ನೇರ ಪ್ರಪಾತ. ಈ ಪ್ರಪಾತಕ್ಕೆ ಮತ್ತೆ ಮೆಟ್ಟಿಲು ಕಡಿಯಲು ಎಂಜಿನಿಯರುಗಳು ಮೂರು ದಶಕಗಳಿಂದ ಮಾಡುತ್ತಿರುವ ಕೆಲಸಕ್ಕೆ ಪದರಪದರವಾದ ಧ್ವನಿ ಸಂಕೋಚನ ಎನ್ನಬಹುದು.

ಸಂಕೋಚನ ಏಕೆ ಬೇಕು ಎಂಬುದನ್ನು ಮೊದಲು ಬೇಗ ಮುಗಿಸೋಣ. ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ. ಪ್ರತಿ ಅಳತೆಗೆ 16 ಬಿಟ್ (ಸೊನ್ನೆ ಅಥವಾ ಒಂದು ಎನ್ನುವ ಅಂಕಿ), ಎಡಕ್ಕೊಂದು ಬಲಕ್ಕೊಂದು ಎಂದು ಎರಡು ವಾಹಿನಿ. ಒಟ್ಟು ಸೆಕೆಂಡಿಗೆ 1,411 ಕಿಲೋಬಿಟ್. ಒಂದು ಗಂಟೆಯ ಕಾರ್ಯಕ್ರಮಕ್ಕೆ 635 ಮೆಗಾಬೈಟ್. ಇದನ್ನು ಇಳಿಸಲು ಎಂಪಿ3, ಎಎಸಿ, ಓಪಸ್‌ನಂಥ ಕೋಡೆಕ್‌ಗಳು (ಧ್ವನಿಯನ್ನು ಸಣ್ಣದು ಮಾಡಿ ಕಟ್ಟಿ, ಕೇಳುವಾಗ ಬಿಡಿಸುವ ಪದ್ಧತಿಗಳು) ನಮ್ಮ ಕಿವಿಯ ಒಂದು ಗುಣವನ್ನು ಬಳಸಿಕೊಳ್ಳುತ್ತವೆ: ಜೋರಾದ ಸದ್ದಿನ ಪಕ್ಕದಲ್ಲಿರುವ ಸಣ್ಣ ಸದ್ದು ಕೇಳಿಸುವುದಿಲ್ಲ. ಚೆಂಡೆಯ ಪೆಟ್ಟು ಬಿದ್ದ ಕ್ಷಣದಲ್ಲಿ ಪಕ್ಕದವರು ಎಲೆಯಡಿಕೆ ಜಗಿಯುವ ಸದ್ದು ಯಾರಿಗೂ ಕೇಳಿಸದು. ಕೇಳಿಸದ್ದನ್ನು ಕಳಿಸುವುದೇಕೆ ಎಂದು ಅದನ್ನು ಒರಟಾಗಿ ಅಳೆದು ಬಿಟ್ ಉಳಿಸುತ್ತಾರೆ. ಒಬ್ಬರು ಮಾತಾಡುವ ಧ್ವನಿಯಾದರೆ ಓಪಸ್ ಅದನ್ನು ಸೆಕೆಂಡಿಗೆ 24 ಕಿಲೋಬಿಟ್‌ಗೆ ಇಳಿಸಿಯೂ ಚೆನ್ನಾಗಿ ಕೇಳಿಸುತ್ತದೆ. ಆಗ ಒಂದು ಗಂಟೆಗೆ 11 ಮೆಗಾಬೈಟೂ ಆಗುವುದಿಲ್ಲ.

ಧ್ವನಿ ಇಷ್ಟು ಸಣ್ಣದಾದ ಮೇಲೂ ಕರ್ಣನ ಮಾತು ತುಂಡಾದದ್ದೇಕೆ? ಏಕೆಂದರೆ ತೊಂದರೆ ಗಾತ್ರದ್ದು ಮಾತ್ರವಲ್ಲ, ಅನುಕ್ರಮದ್ದೂ ಹೌದು.

ನೇರಪ್ರಸಾರದ ಧ್ವನಿ ನಮಗೆ ಆರೇಳು ಸೆಕೆಂಡಿನ ತುಣುಕುಗಳಾಗಿ ಬರುತ್ತದೆ ಎಂದುಕೊಳ್ಳಿ. ಆರು ಸೆಕೆಂಡಿನ ತುಣುಕೊಂದು ಅರ್ಧ ಬಂದಾಗ ಸಿಗ್ನಲ್ ಹೋಯಿತು. ಸಾಮಾನ್ಯ ಕಡತದಲ್ಲಿ ಬಿಟ್‌ಗಳು ಕಾಲದ ಸಾಲಿನಲ್ಲಿ ನಿಂತಿರುತ್ತವೆ: ಮೊದಲ ಸೆಕೆಂಡಿನದು ಮೊದಲು, ಕೊನೆಯದು ಕೊನೆಗೆ. ಹಾಗಾಗಿ ಹೆಚ್ಚೆಂದರೆ ನಮ್ಮ ಕೈಗೆ ಸಿಗುವುದು ಮೂರು ಸೆಕೆಂಡಿನ ಅಚ್ಚುಕಟ್ಟಾದ ಧ್ವನಿ, ಆಮೇಲೆ ಮೂರು ಸೆಕೆಂಡಿನ ಮೌನ. ಅರ್ಥಧಾರಿಯ ಉಸಿರಾಟವೂ ಕೇಳಿಸುವಷ್ಟು ಚೆಂದದ ಅರ್ಧ ವಾಕ್ಯ. ಈಗ ಅದೇ ಬಿಟ್‌ಗಳನ್ನು ಮುಖ್ಯತೆಯ ಸಾಲಿನಲ್ಲಿ ನಿಲ್ಲಿಸೋಣ. ಆರೂ ಸೆಕೆಂಡಿನ ಮಾತಿನ ಎಲುಬುಗೂಡು ಮೊದಲು, ಆರೂ ಸೆಕೆಂಡಿನ ಮಾಂಸ ಆಮೇಲೆ, ಕೊನೆಗೆ ಮೈಬಣ್ಣ. ಅರ್ಧ ಬಂದಾಗ ಸಿಗ್ನಲ್ ಹೋದರೂ ಈ ಸಲ ನಮ್ಮ ಕೈಯಲ್ಲಿ ಪೂರ್ತಿ ಆರು ಸೆಕೆಂಡಿನ ಮಾತು ಇರುತ್ತದೆ. ಸ್ವಲ್ಪ ಮಂಕಾಗಿ, ಬಾವಿಯೊಳಗಿಂದ ಕರೆದಂತೆ ಇದ್ದೀತು. ಆದರೆ ವಾಕ್ಯ ಮುಗಿದಿರುತ್ತದೆ.

ಬಿಟ್‌ಗಳನ್ನು ಹಾಗೆ ಮುಖ್ಯತೆಯ ಸಾಲಿನಲ್ಲಿ ನಿಲ್ಲಿಸುವುದು ಹೇಗೆ? ದಿನಸಿ ಅಂಗಡಿಯ ಹಳೆಯ ತಕ್ಕಡಿ ನೆನಪಿಸಿಕೊಳ್ಳಿ. ಬೆಲ್ಲದ ಅಚ್ಚೊಂದರ ತೂಕ 3 ಕಿಲೋ 785 ಗ್ರಾಂ ಇದೆ. ಅಂಗಡಿಯವರು ಮೊದಲು 2 ಕಿಲೋ ಬಟ್ಟು ಇಡುತ್ತಾರೆ, ಆಮೇಲೆ 1 ಕಿಲೋ, ಆಮೇಲೆ 500 ಗ್ರಾಂ, 200, 50, 20, 10, 5. ಈ ಬಟ್ಟುಗಳ ಹೆಸರನ್ನು ಅವರು ಹೊಳೆಯ ಆಚೆ ದಡದಲ್ಲಿರುವ ಒಬ್ಬರಿಗೆ ಅದೇ ಕ್ರಮದಲ್ಲಿ ಕೂಗಿ ಹೇಳುತ್ತಿದ್ದಾರೆ ಎನ್ನಿ. ನಾಲ್ಕು ಬಟ್ಟು ಕೂಗುವಷ್ಟರಲ್ಲಿ ಮಳೆಯ ಸದ್ದು ಮಾತನ್ನು ನುಂಗಿದರೂ ಆಚೆಯವರಿಗೆ 3 ಕಿಲೋ 700 ಎಂದು ತಿಳಿದಿರುತ್ತದೆ. ತಪ್ಪಿದ್ದು 85 ಗ್ರಾಂ ಮಾತ್ರ. ಅದೇ ಅಂಗಡಿಯವರು 5 ಗ್ರಾಂನಿಂದ ಶುರುಮಾಡಿದ್ದರೆ ನಾಲ್ಕು ಕೂಗು ಕೇಳಿಸಿಯೂ ಆಚೆಯವರಿಗೆ ತಿಳಿಯುತ್ತಿದ್ದದ್ದು 85 ಗ್ರಾಂ ಅಷ್ಟೇ. ಕೂಗಿದ್ದು ಅವೇ ಎಂಟು ಬಟ್ಟು, ಕೇಳಿಸಿದ್ದು ಅಷ್ಟೇ ನಾಲ್ಕು ಕೂಗು. ವ್ಯತ್ಯಾಸವೆಲ್ಲ ಕ್ರಮದಿಂದ ಬಂದದ್ದು.

ಪ್ರತಿ ಬಟ್ಟೂ ತನಗಿಂತ ಮುಂಚಿನ ಬಟ್ಟುಗಳು ಉಳಿಸಿದ ಕೊರತೆಯನ್ನು ತುಂಬುತ್ತದೆ. ಧ್ವನಿಯಲ್ಲಿಯೂ ಹಾಗೆಯೇ. ಮೊದಲ ಪದರ ಧ್ವನಿಯ ಒರಟು ಆಕಾರವನ್ನು ಕೊಡುತ್ತದೆ. ಮೂಲ ಧ್ವನಿಯಿಂದ ಅದನ್ನು ಕಳೆದರೆ ಉಳಿಯುವ ಶೇಷವನ್ನು ಎರಡನೇ ಪದರ ಅಳೆಯುತ್ತದೆ. ಅದರಲ್ಲೂ ಉಳಿದದ್ದನ್ನು ಮೂರನೆಯದು.

ಬಿಟ್‌ಗಳಲ್ಲಿ ಮೇಲುಕೀಳು ಉಂಟು ಎಂಬುದು ಹೊಸ ತಿಳಿವಳಿಕೆಯಲ್ಲ. ನಮ್ಮ ಹಳೆಯ ಬಟನ್ ಫೋನುಗಳಿಗೇ ಅದು ಗೊತ್ತಿತ್ತು. ಆ ಫೋನುಗಳು ಬಳಸಿದ ಜಿಎಸ್‌ಎಂ ವ್ಯವಸ್ಥೆಯ ಮೊದಲ ಕೋಡೆಕ್, ಫುಲ್ ರೇಟ್ ಎನ್ನುವುದು, ಮಾತನ್ನು 20 ಮಿಲಿಸೆಕೆಂಡಿನ ಹೋಳುಗಳಾಗಿ ಕತ್ತರಿಸಿ ಪ್ರತಿ ಹೋಳಿಗೆ 260 ಬಿಟ್ ಕೊಡುತ್ತಿತ್ತು. ಅವುಗಳಲ್ಲಿ 50 ಬಿಟ್ ಎಲ್ಲಕ್ಕಿಂತ ಮೇಲಿನವು: ಧ್ವನಿಯ ಜೋರು ಎಷ್ಟು, ಗಂಟಲು ಬಾಯಿಗಳ ಆಕಾರ ಹೇಗಿದೆ ಎಂಬುದರ ಮುಖ್ಯ ಅಂಕಿಗಳು. ಇವಕ್ಕೆ ಮೂರು ಬಿಟ್‌ನ ತಾಳೆ ನೋಡುವ ಕಾವಲು. ತಾಳೆ ತಪ್ಪಿದರೆ ಆ ಹೋಳನ್ನೇ ಬಿಟ್ಟು ಹಿಂದಿನ ಹೋಳಿನಿಂದ ಸುಧಾರಿಸಿಕೊಳ್ಳುತ್ತಿತ್ತು. ಮುಂದಿನ 132 ಬಿಟ್‌ಗಳಿಗೆ ಆ ತಾಳೆ ಇಲ್ಲದಿದ್ದರೂ ಮೊದಲ ಐವತ್ತರ ಜೊತೆಗೇ ದೋಷ ತಿದ್ದುವ ರಕ್ಷಣೆ. ಕೊನೆಯ 78 ಬಿಟ್‌ಗಳು ಬರಿಮೈಯಲ್ಲಿ ಹೋಗುತ್ತಿದ್ದವು. ಕೆಟ್ಟರೆ ಕೆಡಲಿ, ಸ್ವಲ್ಪ ಗೊರಗೊರ ಅಷ್ಟೇ. ಕಾವಲು, ರಕ್ಷಣೆ ಎಲ್ಲ ಸೇರಿ 260 ಬಿಟ್ 456 ಆಗಿ ಗಾಳಿಗೆ ಹೋಗುತ್ತಿದ್ದವು. ನನಗೆ ಈ ಲೆಕ್ಕ ಬಹಳ ಇಷ್ಟ. ಮನೆಗೆ ಬೆಂಕಿ ಬಿದ್ದರೆ ಮೊದಲು ಏನನ್ನು ಹೊರಗೆ ತರಬೇಕು ಎಂದು ಮೊದಲೇ ಯೋಚಿಸಿಟ್ಟವರ ಲೆಕ್ಕ ಇದು.

ಈ ಯೋಚನೆಯನ್ನು ಪೂರ್ತಿಯಾಗಿ ಬೆಳೆಸಿದ್ದು 2006ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) ಅಂಗೀಕರಿಸಿದ ಜಿ.729.1 ಎಂಬ ಕೋಡೆಕ್. ಇದರಲ್ಲಿ 12 ಪದರಗಳಿವೆ. ತಳದ ಪದರ ಸೆಕೆಂಡಿಗೆ 8 ಕಿಲೋಬಿಟ್; ಹಳೆಯ ಜಿ.729 ದೂರವಾಣಿ ಉಪಕರಣಗಳೂ ಅದನ್ನು ಬಿಡಿಸಿ ಓದಬಲ್ಲವು. ಎರಡನೇ ಪದರ ಸೇರಿದರೆ 12 ಕಿಲೋಬಿಟ್. ಅದೇ ಮಾತು ಇನ್ನಷ್ಟು ತಿಳಿ. ಮೂರನೆಯದು ಸೇರಿ 14 ಆದಾಗ ಧ್ವನಿಯ ಹರವು 4,000 ಹರ್ಟ್ಸ್‌ನಿಂದ 7,000ಕ್ಕೆ ಏರುತ್ತದೆ. ಇಲ್ಲಿ ಒಂದು ಗಮನಿಸಬೇಕಾದ ಸಂಗತಿ ಇದೆ. ಸಕಾರದ ಸೀಟಿಯಂಥ ಸದ್ದು ಬಹುಪಾಲು ಇರುವುದು 4,000 ಹರ್ಟ್ಸ್‌ನಿಂದ ಮೇಲೆಯೇ. ಹಳೆಯ ಫೋನಿನಲ್ಲಿ ಹೆಸರು ಹೇಳುವಾಗ "ಸ, ಸರಸ್ವತಿಯ ಸ" ಎಂದು ಬಿಡಿಸಿ ಹೇಳಬೇಕಾಗುತ್ತಿದ್ದದ್ದು ಇದಕ್ಕೇ. ಆದ್ದರಿಂದ ಈ ಮೂರನೇ ಪದರ ಬರಿಯ ಸೊಗಸಿಗಲ್ಲ, ಅಕ್ಷರಗಳ ನಡುವಿನ ಬೇಲಿ ನಿಲ್ಲಿಸಲು ಕೂಡ. ಅಲ್ಲಿಂದ ಮುಂದೆ ಎರಡೆರಡು ಕಿಲೋಬಿಟ್ ಏರುತ್ತ 32ಕ್ಕೆ ನಿಲ್ಲುತ್ತದೆ. 20 ಮಿಲಿಸೆಕೆಂಡಿನ ಹೋಳಿನಲ್ಲಿ ಒಟ್ಟು 640 ಬಿಟ್. ತಳದ ಪದರಕ್ಕೆ ಬೇಕಾದದ್ದು ಮೊದಲ 160. ದಾರಿಯ ನಡುವಿನ ಯಾವುದೇ ಯಂತ್ರ, ದಟ್ಟಣೆ ಹೆಚ್ಚಿದೆ ಎನಿಸಿದರೆ, ಬಾಲವನ್ನು ಕತ್ತರಿಸಿ ಮುಂದೆ ಕಳಿಸಬಹುದು. ಕಳಿಸಿದವರನ್ನು ಕೇಳಬೇಕಿಲ್ಲ. ಕಬ್ಬಿನ ಜಲ್ಲೆಯನ್ನು ಎಲ್ಲಿ ಕಡಿದರೂ ಬುಡದ ಕಡೆ ಸಿಹಿ ಇದ್ದೇ ಇರುತ್ತದಲ್ಲ, ಹಾಗೆ.

ದಕ್ಷಿಣ ಕೊರಿಯಾ 2005ರ ಕೊನೆಯಲ್ಲಿ ಶುರುಮಾಡಿದ ಮೊಬೈಲ್ ಟಿವಿಯಲ್ಲಿ ಬಳಸಿದ ಬಿಎಸ್‌ಎಸಿ ಎಂಬ ಎಂಪೆಗ್-4 ಕೋಡೆಕ್ ಇನ್ನೂ ನುಣುಪು. ಅದರಲ್ಲಿ ಪ್ರತಿ ವಾಹಿನಿಗೆ ಒಂದೊಂದು ಕಿಲೋಬಿಟ್‌ನ ಮೆಟ್ಟಿಲುಗಳು. 2002ರಲ್ಲಿ ಬಂದ ಓಗ್ ವೋರ್ಬಿಸ್ ಕೂಡ ಕಡತವನ್ನು ಈರುಳ್ಳಿಯಂತೆ ಸುಲಿದು ಸಣ್ಣದು ಮಾಡಬಹುದು ಎಂಬ ಆಸೆ ಹುಟ್ಟಿಸಿತ್ತು. ಆದರೆ ಸುಲಿದ ಮೇಲೆ ಉಳಿದ ಧ್ವನಿ ಕೇಳುವಂತಿರಲಿಲ್ಲ.

ಇಷ್ಟೆಲ್ಲ ಇದ್ದೂ ನಮ್ಮ ಫೋನಿಗೆ ಬರುವ ಹಾಡುಗಳಲ್ಲಿ ಪದರಗಳೇಕಿಲ್ಲ? ಅಂತರ್ಜಾಲ ಬೇರೆ ದಾರಿ ಹಿಡಿಯಿತು. ಆಪಲ್ ಕಂಪನಿ 2009ರಲ್ಲಿ ತಂದ ಎಚ್‌ಎಲ್‌ಎಸ್, 2012ರಲ್ಲಿ ಬಂದ ಡ್ಯಾಶ್ ಎಂಬ ಪದ್ಧತಿಗಳು ಒಂದೇ ಹಾಡನ್ನು ಮೂರು ನಾಲ್ಕು ಗುಣಮಟ್ಟಗಳಲ್ಲಿ ಬೇರೆಬೇರೆಯಾಗಿ ಸರ್ವರಿನಲ್ಲಿ ಇಟ್ಟುಬಿಡುತ್ತವೆ. ಒಂದೇ ಊಟವನ್ನು ನಾಲ್ಕು ಅಳತೆಯ ಬುತ್ತಿಗಳಲ್ಲಿ ಕಟ್ಟಿಟ್ಟಂತೆ. ಹಿಂದಿನ ಬುತ್ತಿ ಬರಲು ಎಷ್ಟು ಹೊತ್ತಾಯಿತು ಎಂದು ನೋಡಿ ಫೋನು ಮುಂದಿನದನ್ನು ಆರಿಸುತ್ತದೆ. ಸರ್ವರಿನಲ್ಲಿ ಜಾಗ ಅಗ್ಗ, ಎಲ್ಲ ಫೋನುಗಳಿಗೂ ತಿಳಿದ ಹಳೆಯ ಕೋಡೆಕ್ಕೇ ಸಾಕು, ಸಾಮಾನ್ಯ ವೆಬ್ ಸರ್ವರಿನಿಂದಲೇ ನಡೆಯುತ್ತದೆ. ಈ ಸರಳತೆ ಗೆದ್ದಿತು, ಗೆದ್ದದ್ದರಲ್ಲಿ ಅನ್ಯಾಯವೇನಿಲ್ಲ.

ಪದರಗಳ ಕಡೆಯೂ ತೊಡಕುಗಳಿದ್ದವು. ಮೊದಲನೆಯದು ಬೆಲೆ. ಮಾಹಿತಿ ಸಿದ್ಧಾಂತದ ಸಂಶೋಧಕರಾದ ಥಾಮಸ್ ಕವರ್ ಮತ್ತು ವಿಲಿಯಂ ಈಕ್ವಿಟ್ಜ್ 1991ರಲ್ಲಿ ತೋರಿಸಿದ ಪ್ರಕಾರ ಕೆಲವು ಬಗೆಯ ಸಂಕೇತಗಳನ್ನು ಒಂದು ಬಿಟ್ ಕೂಡ ಹೆಚ್ಚು ಖರ್ಚಿಲ್ಲದೆ ಪದರಪದರವಾಗಿ ಕಟ್ಟಬಹುದು. ಅದು ಗಣಿತ. ನಿಜವಾದ ಕೋಡೆಕ್ ಕಟ್ಟುವಾಗ ಅದೇ ಗುಣಮಟ್ಟಕ್ಕೆ ಪದರಗಳಿಗೆ ಸಾಮಾನ್ಯವಾಗಿ ಒಂದಿಷ್ಟು ಹೆಚ್ಚು ಬಿಟ್ ತಗಲುತ್ತಿತ್ತು. ಎರಡನೆಯ ತೊಡಕು ಲಕೋಟೆಯದು. ಜಾಲದಲ್ಲಿ ಹೋಗುವ ಧ್ವನಿಯ ಪ್ರತಿ ಕಟ್ಟಿಗೂ, ಅಂದರೆ ಪ್ಯಾಕೆಟ್ಟಿಗೂ, ವಿಳಾಸ, ಕ್ರಮಸಂಖ್ಯೆ ಮುಂತಾದವುಗಳ ಲಕೋಟೆ ಬೇಕು. ನೇರ ಸಂಭಾಷಣೆಯಲ್ಲಿ ಅದರ ತೂಕ ಸಾಮಾನ್ಯವಾಗಿ 40 ಬೈಟ್. ಸೆಕೆಂಡಿಗೆ 6 ಕಿಲೋಬಿಟ್‌ನ ಮಾತಿನಲ್ಲಿ 20 ಮಿಲಿಸೆಕೆಂಡಿನ ಹೋಳು ತೂಗುವುದು 15 ಬೈಟ್. ಪತ್ರ ಹದಿನೈದು, ಲಕೋಟೆ ನಲವತ್ತು! ಪ್ರತಿ ಪದರವನ್ನೂ ಬೇರೆ ಲಕೋಟೆಯಲ್ಲಿ ಹಾಕಿದರೆ ಅಂಚೆ ಖರ್ಚಿನಲ್ಲೇ ಮನೆ ಮುಳುಗುತ್ತದೆ. ಎಲ್ಲವನ್ನೂ ಒಂದೇ ಲಕೋಟೆಯಲ್ಲಿ ಹಾಕಿದರೆ ಅದು ಕಳೆದಾಗ ತಳದ ಪದರವೂ ಕಳೆಯುತ್ತದೆ.

ಆದರೂ ಬುತ್ತಿಯ ಪದ್ಧತಿ ಯಾರನ್ನು ಕಣ್ಣಮುಂದೆ ಇಟ್ಟುಕೊಂಡದ್ದು ಎಂದು ಕೇಳಲೇಬೇಕು. ನೆಟ್‌ವರ್ಕು ನಿಧಾನವಾಗಿ ಏರಿಳಿಯುವ ಊರುಗಳಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಘಟ್ಟದಲ್ಲಿ ಸಿಗ್ನಲ್ ಹಾಗೆ ಏರಿಳಿಯುವುದಿಲ್ಲ. ಇದ್ದಕ್ಕಿದ್ದಂತೆ ಹೋಗುತ್ತದೆ, ಹತ್ತು ಸೆಕೆಂಡು ಬಿಟ್ಟು ಪೂರ್ತಿ ಬರುತ್ತದೆ, ಮತ್ತೆ ಹೋಗುತ್ತದೆ. ಸಿಗ್ನಲ್ ಚೆನ್ನಾಗಿದ್ದ ಗಳಿಗೆಯಲ್ಲಿ ಫೋನು ದೊಡ್ಡ ಬುತ್ತಿಗೆ ಕೈಹಾಕಿರುತ್ತದೆ, ಅದು ಅರ್ಧದಾರಿಯಲ್ಲಿ ಸಿಕ್ಕಿಬೀಳುತ್ತದೆ. ಸಣ್ಣದನ್ನು ತರಿಸಿಕೊಂಡಿದ್ದರೂ ಕಷ್ಟವೇ: ಸಿಗ್ನಲ್ ಮರಳಿದಾಗ ಅದನ್ನು ಹೆಚ್ಚಿಸಿಕೊಳ್ಳುವ ದಾರಿಯಿಲ್ಲ, ಅದನ್ನು ಚೆಲ್ಲಿ ದೊಡ್ಡದನ್ನು ಮೊದಲಿನಿಂದ ತರಿಸಬೇಕು. ಪದರಗಳಿದ್ದಿದ್ದರೆ ಬಂದದ್ದರ ಮೇಲೆ ಇನ್ನೊಂದನ್ನು ಇಡಬಹುದಿತ್ತು.

ಫೋನು ಕರೆಗಳಲ್ಲಿ ಮಾತ್ರ ಈ ವಿಚಾರ ಬೇರೊಂದು ರೂಪದಲ್ಲಿ ಉಳಿದುಕೊಂಡಿತು. ಕರೆಯಲ್ಲಿ ಕಾಯಲು ಪುರಸೊತ್ತಿಲ್ಲ. ಕಳೆದ ಪ್ಯಾಕೆಟ್ಟನ್ನು ಮತ್ತೆ ಕಳಿಸು ಎನ್ನುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. 2012ರಲ್ಲಿ ಪ್ರಮಾಣಿತವಾದ ಓಪಸ್ ಕೋಡೆಕ್ ಮಾತನ್ನು ಕಳಿಸುವಾಗ, ಬೇಕೆಂದರೆ, ಪ್ರತಿ ಪ್ಯಾಕೆಟ್ಟಿನಲ್ಲೂ ಹಿಂದಿನ ಹೋಳಿನ ಒರಟು ನಕಲೊಂದನ್ನು ಸೇರಿಸುತ್ತದೆ. ಹಿಂದಿನದು ದಾರಿಯಲ್ಲಿ ಬಿದ್ದುಹೋದರೆ ಈಗಿನದರ ಜೇಬಿನಲ್ಲಿ ಅದರ ಪ್ರತಿ ಇರುತ್ತದೆ. ಆದರೆ ಪ್ಯಾಕೆಟ್ಟುಗಳು ಒಂದೊಂದಾಗಿ ಕಳೆಯುವುದಕ್ಕಿಂತ ಹೆಚ್ಚಾಗಿ ಗೊಂಚಲಾಗಿ ಕಳೆಯುತ್ತವೆ. ಅದಕ್ಕಾಗಿ 2024ರ ಓಪಸ್ 1.5ರಲ್ಲಿ ನರಜಾಲದ (ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಜಾಲದ) ನೆರವಿನಿಂದ, ಪ್ರತಿ ಪ್ಯಾಕೆಟ್ಟಿನಲ್ಲೂ ಹಿಂದಿನ ಸುಮಾರು ಒಂದು ಸೆಕೆಂಡಿನವರೆಗಿನ ಮಾತಿನ ಸಾರವನ್ನು ಒಯ್ಯುವ ವ್ಯವಸ್ಥೆ ಬಂತು. ಅದರ ಜೋಡಣೆ ನೋಡಿ: ಸಾರವನ್ನು ಈಗಿನಿಂದ ಹಿಂದಕ್ಕೆ ಬರೆಯುತ್ತಾರೆ, ಹಿಂದೆ ಹೋದಷ್ಟೂ ಒರಟಾಗಿ. ಹಳೆಯದರ ಅಗತ್ಯ ಬೀಳುವುದು ದೊಡ್ಡ ಗೊಂಚಲೇ ಕಳೆದಾಗ, ಅಂದರೆ ಅಪರೂಪಕ್ಕೆ. ಮನುಷ್ಯರ ನೆನಪೂ ಹೀಗೇ ತಾನೆ? ನಿನ್ನೆಯದು ವಿವರವಾಗಿ, ಹೋದ ವರ್ಷದ್ದು ಗೆರೆಯಾಗಿ.

ತಕ್ಕಡಿಯ ಬಟ್ಟುಗಳು ನಿಜವಾಗಿ ಮರಳಿ ಬಂದದ್ದು ನರಜಾಲದ ಕೋಡೆಕ್‌ಗಳ ಮೂಲಕ. ಗೂಗಲ್‌ನವರ ಸೌಂಡ್‌ಸ್ಟ್ರೀಮ್ (2021), ಮೆಟಾದವರ ಎನ್‌ಕೋಡೆಕ್ (2022) ಎರಡರ ಒಳಗೂ ಶೇಷವನ್ನು ಮತ್ತೆಮತ್ತೆ ಅಳೆಯುವ ಅದೇ ಉಪಾಯವಿದೆ. ಎನ್‌ಕೋಡೆಕ್‌ನ 24 ಕಿಲೋಹರ್ಟ್ಸ್ ಮಾದರಿ ಧ್ವನಿಯನ್ನು ಸೆಕೆಂಡಿಗೆ 75 ಹೋಳುಗಳಾಗಿ ನೋಡುತ್ತದೆ. ಪ್ರತಿ ಪದರಕ್ಕೂ 1,024 ನಮೂನೆಗಳ ಒಂದು ಪುಸ್ತಕವಿದೆ. ಹೋಳಿಗೆ ಅತಿ ಹತ್ತಿರದ ನಮೂನೆಯ ಸಂಖ್ಯೆಯನ್ನು ಬರೆದರಾಯಿತು, ಅದಕ್ಕೆ 10 ಬಿಟ್ ಸಾಕು. ಹಾಗಾಗಿ ಒಂದು ಪದರಕ್ಕೆ ಸೆಕೆಂಡಿಗೆ 750 ಬಿಟ್. ಎಂಟು ಪದರ ಇಟ್ಟರೆ 6 ಕಿಲೋಬಿಟ್, ಮೂವತ್ತೆರಡು ಇಟ್ಟರೆ 24. ತರಬೇತಿಯ ಹೊತ್ತಿನಲ್ಲಿ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಪದರ ಕೊಟ್ಟು ಎಷ್ಟಿದ್ದರೆ ಅಷ್ಟರಲ್ಲೇ ಸಂಸಾರ ತೂಗಿಸುವುದನ್ನು ಆ ಜಾಲಕ್ಕೆ ಕಲಿಸಿರುತ್ತಾರೆ. ಆದ್ದರಿಂದ ಒಂದೇ ಮಾದರಿ ಎಲ್ಲ ಮೆಟ್ಟಿಲುಗಳಲ್ಲೂ ಕೆಲಸ ಮಾಡುತ್ತದೆ.

ಇವು ಸೆಕೆಂಡಿಗೆ ಮೂರೇ ಕಿಲೋಬಿಟ್‌ನಲ್ಲಿ ಮಾತಾಡುವುದನ್ನು ಕೇಳಿದಾಗ ಬೆರಗಾಗುತ್ತದೆ. ನನಗೆ ಅಂಜಿಕೆಯೂ ಆಗುತ್ತದೆ. ರೇಡಿಯೋದ ಗೊರಗೊರ ಒಂದು ರೀತಿಯಲ್ಲಿ ಪ್ರಾಮಾಣಿಕ. ಇಲ್ಲಿ ನನಗೆ ಸರಿಯಾಗಿ ಕೇಳಿಸಿಲ್ಲ ಎಂದು ಅದು ಹೇಳಿಕೊಳ್ಳುತ್ತದೆ, ನಾವು ಕಿವಿಗೊಟ್ಟು ಕೇಳುತ್ತೇವೆ. ನರಜಾಲ ತನಗೆ ಸಿಗದ್ದನ್ನು ತಾನು ಕಲಿತ ಮಾತುಗಳ ಆಧಾರದಿಂದ ಊಹಿಸಿ, ನಯವಾದ ದನಿಯಲ್ಲಿ ತುಂಬಿಬಿಡಬಹುದು. ಕನ್ನಡದಲ್ಲಿ 'ಹಾಲು' ಮತ್ತು 'ಹಾಳು', 'ಹಲ್ಲಿ' ಮತ್ತು 'ಹಳ್ಳಿ' ಬೇರೆಯಾಗುವುದು ನಾಲಿಗೆಯ ಒಂದು ಮಡಿಕೆಯಿಂದ. ಲಕಾರ ಳಕಾರಗಳ ಈ ವ್ಯತ್ಯಾಸವಿಲ್ಲದ ಭಾಷೆಗಳನ್ನೇ ಹೆಚ್ಚಾಗಿ ಕೇಳಿ ಬೆಳೆದ ಜಾಲ ಬಿಟ್ ಸಾಲದಾದಾಗ ಯಾವ ಕಡೆ ವಾಲೀತು? ವೈದ್ಯರು ಫೋನಿನಲ್ಲಿ ಔಷಧಿಯ ಪ್ರಮಾಣ ಹೇಳುವಾಗ ನಯವಾದ ತಪ್ಪಿಗಿಂತ ಗೊರಗೊರ ಎನ್ನುವ ನಿಜವೇ ಮೇಲು. ಇಂಥ ಕೋಡೆಕ್‌ಗಳ ತರಬೇತಿಗೆ ಕನ್ನಡದ ಮಾತು, ನಮ್ಮ ಊರೂರಿನ ಉಚ್ಚಾರಗಳ ಸಮೇತ, ಸೇರಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಅದೆಲ್ಲ ಆಗುವವರೆಗೆ ಈಗಿರುವ ಸಲಕರಣೆಗಳಲ್ಲೇ ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ. ಅದು ಕಿವಿಯ ಕಲೆ. ಆದರೂ ನೇರಪ್ರಸಾರಗಳು ಬರುವುದು ವಿಡಿಯೋ ರೂಪದಲ್ಲಿ. ಸೆಕೆಂಡಿಗೆ 800 ಕಿಲೋಬಿಟ್‌ನ ಸಾಧಾರಣ ವಿಡಿಯೋ ಗಂಟೆಗೆ 360 ಮೆಗಾಬೈಟ್ ನುಂಗುತ್ತದೆ. ಅದರ ಪಕ್ಕದಲ್ಲೇ 24 ಕಿಲೋಬಿಟ್‌ನ, ಒಂದೇ ವಾಹಿನಿಯ, ಧ್ವನಿ ಮಾತ್ರದ ಪ್ರಸಾರವೊಂದನ್ನು ಇಟ್ಟರೆ ಅದು ಮೂವತ್ತರಲ್ಲಿ ಒಂದು ಪಾಲಿನಲ್ಲಿ ಮುಗಿಯುತ್ತದೆ. ಸಿಗ್ನಲ್ ಇದ್ದ ಹತ್ತು ಸೆಕೆಂಡಿನಲ್ಲಿ ಫೋನು ಮುಂದಿನ ಒಂದೆರಡು ನಿಮಿಷದ ಧ್ವನಿಯನ್ನು ತುಂಬಿಟ್ಟುಕೊಳ್ಳಬಹುದು, ಪ್ರಸಾರವನ್ನು ಅಷ್ಟು ತಡವಾಗಿ ಕೇಳಲು ನಾವು ಸಿದ್ಧರಿದ್ದರೆ. ಇಡೀ ರಾತ್ರಿಯ ಪ್ರಸಂಗ ಕೇಳುವವರಿಗೆ ಎರಡು ನಿಮಿಷ ಯಾವ ಲೆಕ್ಕ?

ದೀಪಾವಳಿಯ ಹೊತ್ತಿಗೆ ಪರಿಚಯದ ಸಂಘವೊಂದರ ಹುಡುಗರು ಹೀಗೊಂದು ಕೊಂಡಿ ಮಾಡಿಕೊಟ್ಟರು. ಆ ದಿನವೂ ಮಳೆ. ಫೋನು ಅದೇ ಚೀಲದಲ್ಲಿತ್ತು. ಈ ಸಲ ಕರ್ಣನಲ್ಲ, ರಾಮನ ಬಾಣ ತಿಂದು ಬಿದ್ದ ವಾಲಿ. ಮದ್ದಳೆಯ ಪೆಟ್ಟಿನ ಮೊನೆ ಸ್ವಲ್ಪ ಮೊಂಡಾಗಿತ್ತು, ತಾಳದ ನಾದ ತಗಡಿನಂತಿತ್ತು. ಮರೆಯಲ್ಲಿ ನಿಂತು ಹೊಡೆದದ್ದೇಕೆ ಎಂದು ವಾಲಿ ಇಪ್ಪತ್ತು ನಿಮಿಷ ಕೇಳಿದ. ಚಿಕ್ಕಮ್ಮ ಎಲೆಗೆ ಸುಣ್ಣ ಹಚ್ಚಿ ಮಡಿಸಿ ಕೈಯಲ್ಲೇ ಹಿಡಿದುಕೊಂಡು, ಅದನ್ನು ಬಾಯಿಗಿಡುವುದನ್ನೂ ಮರೆತು, ಅವನ ಒಂದೊಂದು ಪ್ರಶ್ನೆಯನ್ನೂ ಕೇಳಿದರು.